ಫೈಬರ್ ನೆಟ್ ಮತ್ತು ಕೇಬಲ್ ಪೈಪೋಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮನೆಗೆ ನೆಟ್ ಹಾಕಿಸಲು ಹೊರಟವರು, ಊರಲ್ಲಿರುವ ಅಪ್ಪ ಅಮ್ಮನಿಗೆ ಟಿವಿ, ವೈಫೈ ಒಟ್ಟಿಗೆ ಕೊಡಿಸಬೇಕು ಅಂದುಕೊಂಡವರು, ವರ್ಷಗಟ್ಟಲೆ ಕೇಬಲ್ ವ್ಯವಹಾರ ನಡೆಸಿಕೊಂಡು ಬಂದವರು, ಇವರೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಜಾಹೀರಾತು ನೋಡಿದರೆ ಇದು ಬರೀ ಸ್ಪೀಡಿನ ಪೈಪೋಟಿ ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಬೀದಿಯ ಕಂಬದಿಂದ ನಿಮ್ಮ ಹಾಲ್‌ವರೆಗಿನ ನೂರು ಮೀಟರ್ ತಂತಿ ಯಾರ ಕೈಲಿದೆ, ಅದು ಕಿತ್ತುಹೋದ ದಿನ ಯಾರು ಬಂದು ಸರಿ ಮಾಡುತ್ತಾರೆ ಅನ್ನುವುದರ ಮೇಲೆ ಸೋಲು ಗೆಲುವು ನಿಂತಿದೆ.

ಮೊಬೈಲ್ ಕಂಪನಿಗಳಿಗೆ ಮನೆ ಮನೆಗೆ ತಂತಿ ಎಳೆಯುವ ಉಸಾಬರಿ ಯಾಕೆ?

ದುಡ್ಡು ಅಲ್ಲಿದೆ, ಅದಕ್ಕೆ. ಒಬ್ಬ ಮೊಬೈಲ್ ಗ್ರಾಹಕನಿಂದ ದೊಡ್ಡ ಕಂಪನಿಗಳಿಗೆ ತಿಂಗಳಿಗೆ ಸರಾಸರಿ ಸಿಗುವುದು 200ರಿಂದ 250 ರೂಪಾಯಿ. ಮನೆಯ ಫೈಬರ್ ಸಂಪರ್ಕದಿಂದ ಅದರ ದುಪ್ಪಟ್ಟು ಬರುತ್ತದೆ. ಸಿಮ್ ಪೋರ್ಟ್ ಮಾಡುವುದು ಒಂದು ಎಸ್ಸೆಮ್ಮೆಸ್‌ನಿಂದ ಶುರುವಾಗುವ ಸುಲಭದ ಕೆಲಸ. ಗೋಡೆ ಕೊರೆದು ಹಾಕಿಸಿದ ತಂತಿಯನ್ನು ಯಾರೂ ಅಷ್ಟು ಸುಲಭಕ್ಕೆ ಬದಲಿಸುವುದಿಲ್ಲ. ಮನೆಯವರೆಲ್ಲ ಒಂದೇ ವೈಫೈಗೆ ಒಗ್ಗಿಕೊಂಡರೆ, ಅವರ ಸಿಮ್‌ಗಳೂ ಅದೇ ಕಂಪನಿಯಲ್ಲಿ ಉಳಿಯುವ ಸಾಧ್ಯತೆ ಜಾಸ್ತಿ. ಏರ್‌ಟೆಲ್ 2021ರ ಜುಲೈನಲ್ಲಿ ಏರ್‌ಟೆಲ್ ಬ್ಲ್ಯಾಕ್ ತಂದದ್ದು ಇದೇ ಲೆಕ್ಕದಲ್ಲಿ: ಮೊಬೈಲ್, ಫೈಬರ್, ಡಿಟಿಎಚ್ ಎಲ್ಲಕ್ಕೂ ಒಂದೇ ಬಿಲ್.

ಇನ್ನೊಂದು ಕಾರಣವಿದೆ. 4ಜಿ, 5ಜಿ ಟವರ್‌ಗಳಿಗೆ ಹೇಗೂ ಫೈಬರ್ ಬೇಕು. ಅದಕ್ಕಾಗಿ ಮುಖ್ಯ ರಸ್ತೆಗಳನ್ನು ಅಗೆದು ಹಾಕಿದ್ದಾಗಿದೆ. ಅಲ್ಲಿಂದ ಅಡ್ಡರಸ್ತೆಗೆ ಒಂದು ಕವಲು ತೆಗೆದರೆ ಅದೇ ಬಂಡವಾಳಕ್ಕೆ ಇನ್ನೊಂದು ಆದಾಯ. ಮಾರುಕಟ್ಟೆಯೂ ಬಹಳ ಮಟ್ಟಿಗೆ ಖಾಲಿ ಇದೆ. ದೇಶದಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಸಂಪರ್ಕಗಳು 90 ಕೋಟಿ ಮುಟ್ಟಿದ ಹೊತ್ತಿಗೆ, ತಂತಿಯ ಬ್ರಾಡ್‌ಬ್ಯಾಂಡ್ ಇದ್ದದ್ದು ಬರೀ 4 ಕೋಟಿ ಚಿಲ್ಲರೆ.

ಇದರಲ್ಲಿ ಕೇಬಲ್‌ನವರು ಎಲ್ಲಿಂದ ಬಂದರು?

ಮನೆಯೊಳಗೆ ಮೊದಲು ತಂತಿ ತಂದವರೇ ಅವರು. 1990ರ ದಶಕದಲ್ಲಿ ತಾರಸಿ ಮೇಲೆ ಡಿಶ್ ಇಟ್ಟು, ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ಸಜ್ಜೆಗೆ ಕಪ್ಪು ತಂತಿ ಎಳೆದವರು ಆಯಾ ಬೀದಿಯ ಹುಡುಗರು. 1995ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಬಂತು. ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ವ್ಯವಹಾರ ಶುರು ಮಾಡಬಹುದಿತ್ತು. 2025ರ ಜನವರಿಯಿಂದ ಆ ನೋಂದಣಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪೋರ್ಟಲ್‌ಗೆ ಹೋಗಿದೆ.

ಆಮೇಲೆ ಸರ್ಕಾರದ ನಿಯಮದಂತೆ ಕೇಬಲ್ ಟಿವಿ ಹಂತ ಹಂತವಾಗಿ ಡಿಜಿಟಲ್ ಆಯಿತು. ಎರಡನೇ ಹಂತದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು ಇದ್ದವು, ಗಡುವು 2013ರ ಮಾರ್ಚ್ 31. ಮನೆ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು. 2019ರಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಹೊಸ ದರ ಪದ್ಧತಿ ಜಾರಿ ಮಾಡಿತು. ಮೊದಲ 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಪೇ ಚಾನೆಲ್‌ಗಳಿಗೆ ಬೇರೆ ದುಡ್ಡು. ಎಷ್ಟೋ ಮನೆಗಳ ಬಿಲ್ ಏರಿತು, ನೋಡುತ್ತಿದ್ದ ಚಾನೆಲ್ ಮಾಯವಾಯಿತು. ನಿಯಮ ಮಾಡಿದವರು ದೆಹಲಿಯಲ್ಲಿದ್ದರು, ಚಾನೆಲ್ ದರ ಇಟ್ಟವರು ಮುಂಬೈಯಲ್ಲಿದ್ದರು, ಮನೆ ಬಾಗಿಲಲ್ಲಿ ನಿಂತು ಬೈಸಿಕೊಂಡವರು ತಿಂಗಳ ದುಡ್ಡು ವಸೂಲಿಗೆ ಬಂದ ಕೇಬಲ್ ಹುಡುಗರು. ಅದೇ ವರ್ಷ ಟೆಲಿಕಾಂ ಕಂಪನಿಗಳು ಫೈಬರ್ ಹಿಡಿದುಕೊಂಡು ಬಂದವು. ಇದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಗುತ್ತಿರಲಿಲ್ಲ.

ಕೇಬಲ್ ತಂತಿಯಲ್ಲೂ ನೆಟ್ ಬರುತ್ತಲ್ವಾ?

ಬರುತ್ತದೆ. ಡಾಕ್ಸಿಸ್ ಅನ್ನುವ ತಂತ್ರಜ್ಞಾನದಲ್ಲಿ ಟಿವಿಯ ತಾಮ್ರದ ತಂತಿಯಲ್ಲೇ ನೆಟ್ ಕಳಿಸಬಹುದು. ಅದರ 3.1 ಆವೃತ್ತಿಯಲ್ಲಿ ಕಾಗದದ ಮೇಲೆ 10 ಜಿಬಿಪಿಎಸ್, ಅಂದರೆ 10,000 ಎಂಬಿಪಿಎಸ್ ಡೌನ್‌ಲೋಡ್ ಇದೆ. ತೊಂದರೆ ಇರುವುದು ಅಪ್‌ಲೋಡ್‌ನಲ್ಲಿ. ಟಿವಿಗಾಗಿ ಮಾಡಿದ ಜಾಲದಲ್ಲಿ ಸಿಗ್ನಲ್ ಮನೆ ಕಡೆಗೆ ಹರಿಯಬೇಕಿತ್ತು ಅಷ್ಟೇ, ವಾಪಸ್ ಹೋಗಲು ಬಿಟ್ಟ ದಾರಿ ಬಹಳ ಕಿರಿದು. ವಿಡಿಯೊ ಕರೆ, ಆನ್‌ಲೈನ್ ಕ್ಲಾಸ್, ಮನೆಯಿಂದ ಕೆಲಸ ಬಂದ ಮೇಲೆ ಇದು ಎದ್ದು ಕಂಡಿತು.

ಡಾಕ್ಸಿಸ್‌ಗೆ ದಾರಿಯುದ್ದಕ್ಕೂ ಎರಡೂ ಕಡೆ ಸಿಗ್ನಲ್ ಸಾಗಿಸುವ ಆಂಪ್ಲಿಫೈಯರ್‌ಗಳು ಬೇಕು, ಒಳ್ಳೆಯ ಜೋಡಣೆ ಬೇಕು. ಮಳೆ ನೀರು ಹೋದ ಒಂದು ಕನೆಕ್ಟರ್ ಇಡೀ ಬೀದಿಯ ಸಿಗ್ನಲ್ ಕೆಡಿಸುತ್ತದೆ. ನಮ್ಮಲ್ಲಿ ಬಹಳಷ್ಟು ಕಡೆ ಜಾಲ ಆ ಮಟ್ಟದಲ್ಲಿ ಇರಲಿಲ್ಲ. ಹಾಗಾಗಿ ಎಷ್ಟೋ ಆಪರೇಟರ್‌ಗಳು ಟಿವಿ ತಂತಿಯನ್ನು ಅದರ ಪಾಡಿಗೆ ಬಿಟ್ಟು, ತಾರಸಿಯಿಂದ ತಾರಸಿಗೆ ಲ್ಯಾನ್ ಕೇಬಲ್ ಎಳೆದು, ನೀರಿನ ಟ್ಯಾಂಕ್ ಪಕ್ಕ ನೆಟ್ ಹಂಚುವ ಸ್ವಿಚ್ ಪೆಟ್ಟಿಗೆ ಇಟ್ಟು ನೆಟ್ ಕೊಟ್ಟರು. ಗುಡುಗು ಮಿಂಚಿಗೆ ಆ ಸ್ವಿಚ್‌ಗಳು ಸುಡುತ್ತಿದ್ದವು, ಕರೆಂಟ್ ಹೋದರೆ ಸುತ್ತಲಿನ ಮನೆಗಳಿಗೆ ನೆಟ್ ಹೋಗುತ್ತಿತ್ತು.

ಫೈಬರ್‌ನಲ್ಲಿ ಅಂಥದ್ದೇನಿದೆ?

ದಾರಿಯಲ್ಲಿ ಕರೆಂಟ್ ಬೇಡ. ದೊಡ್ಡ ಅನುಕೂಲ ಇದೇ. ಕಂಪನಿಯ ಕಚೇರಿಯಲ್ಲಿರುವ ಯಂತ್ರದಿಂದ ನಿಮ್ಮ ಮನೆಯ ಪೆಟ್ಟಿಗೆಯವರೆಗೆ ಬರೀ ಗಾಜಿನ ಎಳೆ, ನಡುವೆ ಒಂದೆರಡು ಸ್ಪ್ಲಿಟರ್. ಕಚೇರಿಯಿಂದ ಹೊರಟ ಒಂದು ಎಳೆಯ ಬೆಳಕನ್ನು ಸ್ಪ್ಲಿಟರ್ 32 ಅಥವಾ 64 ಮನೆಗೆ ಹಂಚುತ್ತದೆ. ಹೀಗೆ ಹಂಚುವ ಜಿಪಾನ್ ಅನ್ನುವ ಪದ್ಧತಿಯಲ್ಲಿ ಇಷ್ಟು ಮನೆಗಳಿಗೆ ಸೇರಿ ಸುಮಾರು 2.5 ಜಿಬಿಪಿಎಸ್ ಡೌನ್‌ಲೋಡ್, 1.25 ಜಿಬಿಪಿಎಸ್ ಅಪ್‌ಲೋಡ್ ಸಿಗುತ್ತದೆ. 20 ಕಿಲೋಮೀಟರ್ ದೂರದವರೆಗೂ ಕೆಲಸ ಮಾಡುತ್ತದೆ. ಮುಂದೆ ಜಾಸ್ತಿ ಬೇಕೆಂದರೆ ಎರಡು ತುದಿಯ ಯಂತ್ರ ಬದಲಿಸಿದರೆ ಆಯಿತು, ನೆಲದೊಳಗಿನ ಎಳೆ ಹಾಗೇ ಇರುತ್ತದೆ.

ತುಂಡಾದ ಫೈಬರ್ ಜೋಡಿಸುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಕಪ್ಪು ಹೊದಿಕೆ ಸುಲಿದು, ಒಳಗಿನ ಎಳೆಯನ್ನು ಸ್ಪಿರಿಟ್ ಹಚ್ಚಿದ ಟಿಶ್ಯೂನಿಂದ ಒರೆಸುತ್ತಾರೆ. ಆ ಎಳೆಯ ದಪ್ಪ 125 ಮೈಕ್ರಾನ್, ಬೆಳಕು ಓಡುವ ನಡುಭಾಗ ಬರೀ 9 ಮೈಕ್ರಾನ್. ಕ್ಲೀವರ್ ಅನ್ನುವ ಕತ್ತರಿಸುವ ಸಾಧನದಲ್ಲಿಟ್ಟು ಒತ್ತಿದರೆ ತುದಿ ನೇರವಾಗಿ ಕತ್ತರಿಸುತ್ತದೆ. ಎರಡು ತುದಿಗಳನ್ನೂ ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಇಟ್ಟರೆ ಅದರ ಪುಟ್ಟ ಪರದೆ ಮೇಲೆ ಎದುರುಬದುರಾಗಿ ಕಾಣುತ್ತವೆ. ಮೆಷಿನ್ ತಾನೇ ಸರಿಹೊಂದಿಸಿ ಒಂದು ಕಿಡಿ ಹಾರಿಸುತ್ತದೆ, ಗಾಜು ಕರಗಿ ಒಂದಾಗುತ್ತದೆ. ಜೋಡಣೆ ಕಾಯಲು ಮೇಲೊಂದು ಕೊಳವೆಯಂಥ ಸ್ಲೀವ್ ಹಾಕಿ ಬಿಸಿ ಮಾಡಿದರೆ ಮುಗಿಯಿತು. ಜೋಡಣೆ ಚೆನ್ನಾಗಿದ್ದರೆ ಅಲ್ಲಿ ನಷ್ಟವಾಗುವ ಬೆಳಕು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಇದನ್ನು ರಸ್ತೆ ಬದಿಯಲ್ಲಿ, ಕೆಲವೊಮ್ಮೆ ಏಣಿ ಮೇಲೆ ನಿಂತು, ಛತ್ರಿ ಮರೆಯಲ್ಲಿ ಮಾಡುತ್ತಾರೆ. ಈ ಕೈಕೆಲಸ ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ಎಷ್ಟು ದೊಡ್ಡ ಕಂಪನಿಯ ಸಂಪರ್ಕವಿದ್ದರೂ ಸುಮ್ನೆ ಕಾಯಬೇಕಾಗುತ್ತದೆ.

ಜಿಯೊ ಏನು ಮಾಡಿತು?

2018ರ ಜುಲೈನಲ್ಲಿ ಗಿಗಾಫೈಬರ್ ಅನ್ನುವ ಮನೆ ಫೈಬರ್ ಸೇವೆ ಘೋಷಿಸಿತು. ಅಷ್ಟು ದೊಡ್ಡ ದೇಶದಲ್ಲಿ ಪ್ರತಿ ಬೀದಿಯಲ್ಲೂ ಹೊಸದಾಗಿ ತಂತಿ ಎಳೆಯುವುದು ನಿಧಾನದ ಕೆಲಸ ಅಂತ ಅವರಿಗೂ ಗೊತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಜಿಯೊದ ಮಾತೃಸಂಸ್ಥೆ ರಿಲಯನ್ಸ್ ಎರಡು ದೊಡ್ಡ ಕೇಬಲ್ ಕಂಪನಿಗಳಲ್ಲಿ ಹಿಡಿತ ಪಡೆಯುವುದಾಗಿ ಹೇಳಿತು. ಹ್ಯಾಥ್‌ವೇಯಲ್ಲಿ 51.3% ಪಾಲಿಗೆ 2,940 ಕೋಟಿ ರೂಪಾಯಿ, ಡೆನ್ ನೆಟ್‌ವರ್ಕ್ಸ್‌ನಲ್ಲಿ 66% ಪಾಲಿಗೆ 2,290 ಕೋಟಿ. ಅವರು ಆ ದುಡ್ಡಿಗೆ ಬಯಸಿದ್ದು ಹಳೆಯ ತಾಮ್ರವನ್ನಲ್ಲ ಅಂತ ನಾನು ತಿಳಿದಿದ್ದೇನೆ. ಆ ಕಂಪನಿಗಳ ಜೊತೆ ಕೆಲಸ ಮಾಡುವ ಸಾವಿರಾರು ಬೀದಿ ಆಪರೇಟರ್‌ಗಳು, ಅವರಿಗೆ ಪರಿಚಯವಿರುವ ಮನೆಗಳು ಬೇಕಿದ್ದವು.

2019ರ ಸೆಪ್ಟೆಂಬರ್ 5ರಂದು ಜಿಯೊಫೈಬರ್ ವ್ಯಾಪಾರ ಶುರುವಾಯಿತು. ಆಗ ಆರಂಭದ ದರ 699 ರೂಪಾಯಿ. ಒಂದು ವರ್ಷ ಕಳೆದು, ಕೊರೊನಾದ ಮಧ್ಯೆ, 2020ರ ಸೆಪ್ಟೆಂಬರ್‌ನಿಂದ 399 ರೂಪಾಯಿಗೆ 30 ಎಂಬಿಪಿಎಸ್ ಪ್ಲಾನ್ ಬಂತು, ತಿಂಗಳ ಉಚಿತ ಪ್ರಯೋಗದ ಜೊತೆ. ಪೈಪೋಟಿಯ ದಿಕ್ಕು ಬದಲಿಸಿದ್ದು ಈ ಪ್ಲಾನ್. ಕೇಬಲ್‌ಗೆ ತಿಂಗಳಿಗೆ 300 ರೂಪಾಯಿ ಕೊಡುತ್ತಿದ್ದ ಮನೆಯವರು, ಇನ್ನು ನೂರು ಚಿಲ್ಲರೆ ಸೇರಿಸಿದರೆ ನೆಟ್ಟೇ ಬರುತ್ತಲ್ಲ ಅಂತ ಲೆಕ್ಕ ಹಾಕತೊಡಗಿದರು.

ಏರ್‌ಟೆಲ್, ಬಿಎಸ್‌ಎನ್‌ಎಲ್ ದಾರಿ ಬೇರೆಯೇ?

ಏರ್‌ಟೆಲ್ ಬಳಿ ಹಳೆಯ ಲ್ಯಾಂಡ್‌ಲೈನ್ ತಾಮ್ರ ಇತ್ತು. 2016ರಲ್ಲಿ ವಿ-ಫೈಬರ್ ಅಂತ ತಂದಾಗ ಮನೆಗೆ ಬರುತ್ತಿದ್ದದ್ದು ಅದೇ ತಾಮ್ರ, ತಂತ್ರಜ್ಞಾನ ಮಾತ್ರ ಸುಧಾರಿಸಿದ್ದು. ಆಮೇಲೆ ಮನೆವರೆಗೂ ಫೈಬರ್ ಎಳೆದರು. 2019ರ ಸೆಪ್ಟೆಂಬರ್‌ನಲ್ಲಿ 1 ಜಿಬಿಪಿಎಸ್ ಪ್ಲಾನ್ 3,999 ರೂಪಾಯಿಗೆ ಬಂತು. ಚಿಕ್ಕ ಊರುಗಳಿಗೆ ಕಾಲಿಡುವಾಗ ಅವರು ಸ್ಥಳೀಯ ಕೇಬಲ್ ಆಪರೇಟರ್‌ಗಳ ಜೊತೆ ಪಾಲುದಾರಿಕೆ ಮಾಡಿಕೊಂಡರು. ಕಂಪನಿಯದ್ದು ಹೆಸರು, ಬಿಲ್, ಊರಿನವರೆಗಿನ ಮುಖ್ಯ ಜಾಲ. ಕೊನೆಯ ತಂತಿ ಮತ್ತು ರಿಪೇರಿ ಆಪರೇಟರ್‌ದು. ಬಿಎಸ್‌ಎನ್‌ಎಲ್ ಕೂಡ ತನ್ನ ಫೈಬರ್ ಸೇವೆ ಭಾರತ್ ಫೈಬರ್ ಅನ್ನು ಹೆಚ್ಚಾಗಿ ಇಂಥ ಪಾಲುದಾರರ ಮೂಲಕವೇ ಹಬ್ಬಿಸಿತು. ಅದಕ್ಕೇ ಒಂದೇ ಕಂಪನಿಯ ಸಂಪರ್ಕ ಒಂದು ಊರಲ್ಲಿ ಅದ್ಭುತ, ಪಕ್ಕದ ಊರಲ್ಲಿ ತಲೆನೋವು.

ಹಾಗಾದರೆ ಕೇಬಲ್‌ನವರು ಸೋತರಾ?

ಟಿವಿ ವ್ಯವಹಾರದಲ್ಲಿ ಪೆಟ್ಟು ಬಿದ್ದಿದೆ. ಕೇಬಲ್ ಕಂಪನಿಗಳ ಒಕ್ಕೂಟ ಮತ್ತು ಇವೈ ಅನ್ನುವ ಸಲಹಾ ಸಂಸ್ಥೆ ಸೇರಿ ಮಾಡಿದ ವರದಿಯ ಪ್ರಕಾರ, ಕೇಬಲ್ ಮತ್ತು ಡಿಟಿಎಚ್ ಸೇರಿ ದುಡ್ಡು ಕೊಟ್ಟು ಟಿವಿ ನೋಡುವ ಮನೆಗಳು 2018ರಲ್ಲಿ 15.1 ಕೋಟಿ ಇದ್ದದ್ದು 2024ಕ್ಕೆ 11.1 ಕೋಟಿಗೆ ಇಳಿದವು. ಇದರಲ್ಲಿ ಎಲ್ಲ ಪಾಪವೂ ಫೈಬರ್‌ನದ್ದಲ್ಲ. ದೂರದರ್ಶನದ ಉಚಿತ ಡಿಶ್, ಮೊಬೈಲ್‌ನಲ್ಲಿ ಕ್ರಿಕೆಟ್, ಏರಿದ ಚಾನೆಲ್ ದರ ಎಲ್ಲವೂ ಸೇರಿವೆ.

ಆದರೆ ಕೇಬಲ್‌ನಿಂದ ಬಂದು ಫೈಬರ್‌ನಲ್ಲಿ ಗೆದ್ದವರೂ ಇದ್ದಾರೆ. ಬೆಂಗಳೂರಿನ ಎಸಿಟಿ ಫೈಬರ್‌ನೆಟ್ ನೋಡಿ. 2000ದಲ್ಲಿ ಶುರುವಾದ ಈ ಕಂಪನಿ ಕೇಬಲ್ ಟಿವಿಯನ್ನೂ ನಡೆಸಿತು, ಟೆಲಿಕಾಂ ಕಂಪನಿಗಳು ಎಚ್ಚೆತ್ತುಕೊಳ್ಳುವ ಮೊದಲೇ ಫೈಬರ್ ಎಳೆಯಿತು. 2017ರಲ್ಲಿ ಹೈದರಾಬಾದ್‌ನಲ್ಲಿ 1 ಜಿಬಿಪಿಎಸ್ ಕೊಟ್ಟಿತು, ಜಿಯೊಫೈಬರ್ ಬರುವುದಕ್ಕೆ ಎರಡು ವರ್ಷ ಮೊದಲು. ಚಿಕ್ಕ ಊರುಗಳಲ್ಲೂ ಎಷ್ಟೋ ಆಪರೇಟರ್‌ಗಳು ಒಂದೇ ಫೈಬರ್ ಎಳೆಯಲ್ಲಿ ಟಿವಿ, ನೆಟ್ ಎರಡನ್ನೂ ಕಳಿಸುತ್ತಿದ್ದಾರೆ. ಟಿವಿಗೆ ಬೆಳಕಿನ ಬೇರೆ ತರಂಗ, ನೆಟ್‌ಗೆ ಬೇರೆ. ಮನೆಯ ಪೆಟ್ಟಿಗೆಯಿಂದ ಟಿವಿಗೊಂದು, ರೂಟರ್‌ಗೊಂದು ತಂತಿ ಹೋಗುತ್ತದೆ.

ಟಿವಿ ಸೇರಿಸಿ ಕೊಡುವ ಪ್ಲಾನ್ ನಿಜವಾಗಿ ಅಗ್ಗವೇ?

ಮನೆಯಲ್ಲಿ ಯಾರು ಏನು ನೋಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಮೊದಲು 18% ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. 399 ಅಂದರೆ ಕೈಯಿಂದ ಹೋಗುವುದು 471 ರೂಪಾಯಿ, 999 ಅಂದರೆ 1,179. ಓಟಿಟಿಗಳ, ಅಂದರೆ ನೆಟ್‌ನಲ್ಲಿ ಸಿನಿಮಾ, ಸೀರಿಯಲ್ ತೋರಿಸುವ ಆ್ಯಪ್‌ಗಳ ಉದ್ದ ಪಟ್ಟಿ ಇರುವ ಪ್ಲಾನ್‌ನಲ್ಲಿ ನೀವು ತೆರೆಯುವುದು ಎರಡೋ ಮೂರೋ. ಸಂಜೆ ಧಾರಾವಾಹಿ, ಬೆಳಿಗ್ಗೆ ಸುದ್ದಿ, ಭಾನುವಾರ ಹಳೆ ಸಿನಿಮಾ ನೋಡುವ ಅಜ್ಜಿಗೆ ಆ್ಯಪ್ ತೆರೆದು ಹುಡುಕು ಅಂದರೆ ಕಷ್ಟ. ಅವರಿಗೆ ರಿಮೋಟ್‌ನಲ್ಲಿ ನಂಬರ್ ಒತ್ತಿದರೆ ಚಾನೆಲ್ ಬರಬೇಕು.

ಕಂಪನಿಗಳಿಗೂ ಇದು ಅರ್ಥವಾಗಿದೆ. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ ನೆಟ್ ಮೂಲಕವೇ ಚಾನೆಲ್ ಕಳಿಸುವ ಐಪಿಟಿವಿ ತಂದು, 699 ರೂಪಾಯಿಯಿಂದ ಶುರುವಾಗುವ ಪ್ಲಾನ್‌ನಲ್ಲಿ 350 ಚಾನೆಲ್ ಕೊಡುತ್ತೇವೆ ಅಂದಿತು. ಬಿಎಸ್‌ಎನ್‌ಎಲ್ ಕೂಡ ಫೈಬರ್ ಮೇಲೆ ಟಿವಿ ತಂದಿದೆ. ಮನೆಗೆ ತರಿಸುವ ಮೊದಲು ನೀವು ದಿನಾ ನೋಡುವ ಕನ್ನಡ ಚಾನೆಲ್‌ಗಳು ಪಟ್ಟಿಯಲ್ಲಿ ಇವೆಯಾ ಅಂತ ಒಂದೊಂದಾಗಿ ನೋಡಿಕೊಳ್ಳಿ. ನೆಟ್ ಹೋದರೆ ಟಿವಿಯೂ ಹೋಗುತ್ತದೆ, ಅದೂ ನೆನಪಿರಲಿ.

ಕಂಬದ ಮೇಲಿನ ತಂತಿ ಆಗಾಗ ಕತ್ತರಿಸಿ ಹಾಕುತ್ತಾರಲ್ಲ, ಯಾಕೆ?

ಬೆಂಗಳೂರಿನಲ್ಲಿ ಕರೆಂಟ್ ಕಂಬಕ್ಕೂ ಮರಕ್ಕೂ ಸುತ್ತಿದ ತಂತಿಗಳನ್ನು ಬೆಸ್ಕಾಂ, ಪಾಲಿಕೆಯವರು ಕತ್ತರಿಸುವುದು ಹೊಸದೇನಲ್ಲ. ಪಾದಚಾರಿಗಳ ಕುತ್ತಿಗೆಗೆ ಸಿಕ್ಕುವಂತೆ ಜೋತಾಡುವ ತಂತಿ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಮೂಲದಲ್ಲಿ. ನೆಲದೊಳಗೆ ಹಾಕಲು ಅನುಮತಿ ಬೇಕು, ಅಗೆತಕ್ಕೆ ಮೀಟರ್ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ಅದು ದುಬಾರಿ ಮತ್ತು ನಿಧಾನ. ಮೇಲೆ ಎಳೆದರೆ ಒಂದೇ ದಿನದ ಕೆಲಸ.

ಇಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಸಮಾನ ನೆಲವಿಲ್ಲ. ದೂರಸಂಪರ್ಕ ಪರವಾನಗಿ ಇರುವ ಕಂಪನಿಗೆ ರೈಟ್ ಆಫ್ ವೇ (ಸಾರ್ವಜನಿಕ ಜಾಗದಲ್ಲಿ ತಂತಿ ಹಾಕುವ ಹಕ್ಕು) ನಿಯಮದಡಿ ಅರ್ಜಿ ಹಾಕುವ ಹಕ್ಕಿದೆ. 2016ರ ನಿಯಮಗಳ ಜಾಗಕ್ಕೆ ಹೊಸ ನಿಯಮಗಳು ಬಂದು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಬೀದಿಯ ಕೇಬಲ್ ಆಪರೇಟರ್‌ಗೂ ಕೇಬಲ್ ಕಾಯ್ದೆಯಲ್ಲಿ ತಂತಿ ಎಳೆಯುವ ಅವಕಾಶವಿದೆ, ಆದರೆ ಈ ನಿಯಮಗಳ ಆಸರೆ ಇಲ್ಲ. ಒಂದು ಹೆಜ್ಜೆ ಮುಂದಾಗಿದೆ ಅನ್ನಬಹುದು: 2023ರ ಸೆಪ್ಟೆಂಬರ್‌ನಲ್ಲಿ ಕೇಬಲ್ ನಿಯಮಗಳಿಗೆ ತಿದ್ದುಪಡಿಯಾಗಿ, ಆಪರೇಟರ್‌ಗಳು ತಮ್ಮ ಜಾಲವನ್ನು ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತೆ ಹಂಚಿಕೊಳ್ಳಲು ಅವಕಾಶ ಸಿಕ್ಕಿದೆ. ಒಂದು ಬೀದಿಗೆ ಒಂದೇ ಅಚ್ಚುಕಟ್ಟಾದ ಫೈಬರ್, ಅದರ ಮೇಲೆ ಹಲವು ಕಂಪನಿ ಅನ್ನುವುದೇ ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಏರ್‌ಫೈಬರ್ ಅಂದರೂ ಫೈಬರೇ ಅಲ್ವಾ?

ಅಲ್ಲ. ಟವರ್‌ನಿಂದ ಮನೆಗೆ 5ಜಿ ಗಾಳಿಯಲ್ಲಿ ಬರುತ್ತದೆ, ತಾರಸಿ ಅಥವಾ ಕಿಟಕಿ ಹತ್ತಿರ ರಿಸೀವರ್ ಇಡುತ್ತಾರೆ. ಏರ್‌ಟೆಲ್ 2023ರ ಆಗಸ್ಟ್‌ನಲ್ಲಿ, ಜಿಯೊ ಅದೇ ಸೆಪ್ಟೆಂಬರ್ 19ರ ಗಣೇಶ ಚತುರ್ಥಿಯಂದು ಶುರು ಮಾಡಿದವು. ಬೀದಿಯ ತಂತಿ, ಅನುಮತಿ, ಆಪರೇಟರ್ ಯಾರೂ ಬೇಡ, ಹಾಗಾಗಿ ಕಂಪನಿಗೆ ಬೇಗ ಹಬ್ಬಿಸಲು ಸುಲಭ. ಫೈಬರ್ ಸಿಗುವ ಕಡೆ ಫೈಬರ್ ಹಾಕಿಸಿ. ಸಿಗದ ಕಡೆ ಇದು ಒಳ್ಳೆಯ ಆಸರೆ.

ಬೇರೆ ದೇಶಗಳಲ್ಲೂ ಹೀಗೇನಾ?

ಅಮೆರಿಕದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಕೇಬಲ್ ಕಂಪನಿಗಳೇ ದೈತ್ಯರು, ಅವರ ಜಾಲವೂ ಗಟ್ಟಿ. ಡಿಎಸ್‌ಎಲ್, ಅಂದರೆ ಫೋನಿನ ತಾಮ್ರದ ತಂತಿಯಲ್ಲಿ ಬರುವ ನೆಟ್ ನಂಬಿಕೊಂಡಿದ್ದ ಟೆಲಿಫೋನ್ ಕಂಪನಿಗಳು ಹಿಂದೆ ಬಿದ್ದಿದ್ದವು. ಅವುಗಳಲ್ಲೊಂದಾದ ವೆರಿಝಾನ್ ಮನೆವರೆಗೂ ಫೈಬರ್ ಎಳೆದು, 2005ರಲ್ಲಿ ಟೆಕ್ಸಾಸ್‌ನ ಕೆಲ್ಲರ್ ಊರಿನಿಂದ ಫಿಯೋಸ್ ಟಿವಿ ಶುರು ಮಾಡಿತು. ಖರ್ಚು ಎಷ್ಟು ಏರಿತೆಂದರೆ 2010ರ ಹೊತ್ತಿಗೆ ಹೊಸ ಊರುಗಳಿಗೆ ಹೋಗುವುದನ್ನೇ ನಿಲ್ಲಿಸಿತು. ಫೈಬರ್ ಬಂದ ಊರುಗಳಲ್ಲಿ ಕೇಬಲ್‌ನವರೂ ಸ್ಪೀಡ್ ಏರಿಸಬೇಕಾಯಿತು. ಅಲ್ಲಿರುವ ನಮ್ಮವರು ಮನೆ ಹುಡುಕುವಾಗ ಆ ವಿಳಾಸಕ್ಕೆ ಫೈಬರ್ ಬಂದಿದೆಯಾ ಅಂತ ಮೊದಲೇ ನೋಡಿಕೊಂಡರೆ ಒಳ್ಳೆಯದು.

ಹಳ್ಳಿಗೆ ಯಾವಾಗ ಬರುತ್ತದೆ?

ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಒಯ್ಯುವ ಸರ್ಕಾರದ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿದೆ. ಪಂಚಾಯ್ತಿ ಕಚೇರಿಯವರೆಗೆ ಬಂದ ಫೈಬರ್ ಮನೆಗಳಿಗೆ ಹೋಗಬೇಕಾದರೆ ಊರಿನವರೇ ಯಾರಾದರೂ ಕೈ ಹಾಕಬೇಕು. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಅರ್ಧ ಕಿಲೋಮೀಟರ್ ತೋಟ, ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿಯುವುದು ಮಾಮೂಲು. ದೂರದ ಕಾಲ್ ಸೆಂಟರ್‌ಗೆ ಆ ದಾರಿ ಗೊತ್ತಿರುವುದಿಲ್ಲ. ಅಲ್ಲಿ ನೆಟ್ ನಿಂತಿರುವುದು ಬೈಕ್‌ನಲ್ಲಿ ತಂತಿ ಸುರುಳಿ ಹಾಕಿಕೊಂಡು ಬರುವ ಸ್ಥಳೀಯರ ಮೇಲೆ.

ನಾನು ಕೇಬಲ್ ಆಪರೇಟರ್. ಕಂಪನಿಯವರು ಪಾಲುದಾರಿಕೆಗೆ ಕರೆದಿದ್ದಾರೆ. ಒಪ್ಪಲೇ?

ಒಪ್ಪುವ ಮೊದಲು ಕರಾರಿನಲ್ಲಿ ನಾಲ್ಕು ವಿಷಯ ಓದಿ. ನೀವು ಎಳೆದ ಫೈಬರ್ ಕರಾರು ಮುಗಿದ ಮೇಲೂ ನಿಮ್ಮದೇ ಉಳಿಯುತ್ತದಾ? ಗ್ರಾಹಕ ಆನ್‌ಲೈನ್‌ನಲ್ಲಿ ನೇರವಾಗಿ ರೀಚಾರ್ಜ್ ಮಾಡಿದರೂ ನಿಮ್ಮ ಪಾಲು ಬರುತ್ತದಾ? ರಸ್ತೆ ಅಗಲೀಕರಣದಲ್ಲಿ ತಂತಿ ಹೋದರೆ ಹೊಸದರ ಖರ್ಚು ಯಾರದ್ದು? ಕಂಪನಿ ಪ್ಲಾನ್ ದರ ಇಳಿಸಿದರೆ ನಿಮ್ಮ ಪಾಲೂ ಇಳಿಯುತ್ತದಾ, ಅಥವಾ ಕನಿಷ್ಠ ಮೊತ್ತ ಇದೆಯಾ?

ಇವುಗಳಲ್ಲಿ ಮೊದಲನೆಯದ್ದು ಎಲ್ಲಕ್ಕಿಂತ ಮುಖ್ಯ. ಫೈಬರ್ ನಿಮ್ಮದಾಗಿದ್ದರೆ ಈ ಕಂಪನಿ ಕೈಬಿಟ್ಟರೆ ಇನ್ನೊಂದರ ಜೊತೆ ಹೋಗಬಹುದು. ಅದನ್ನು ಬಿಟ್ಟುಕೊಟ್ಟರೆ ಇಷ್ಟು ವರ್ಷ ಕಟ್ಟಿದ ವ್ಯವಹಾರದಲ್ಲಿ ನೀವು ಸಂಬಳವಿಲ್ಲದ ಕೆಲಸಗಾರರಾಗುತ್ತೀರಿ. ಸಾಧ್ಯವಾದರೆ ಅಕ್ಕಪಕ್ಕದ ಆಪರೇಟರ್‌ಗಳು ಸೇರಿ ಮಾತಾಡಿ. ಐನೂರು ಮನೆಯವರ ಮಾತಿಗಿಂತ ಐದು ಸಾವಿರ ಮನೆಯವರ ಮಾತಿಗೆ ತೂಕ ಜಾಸ್ತಿ.

ಕೊನೆಗೂ ನಾನು ಯಾವುದು ಹಾಕಿಸಲಿ?

ನಿಮ್ಮ ಬೀದಿಯ ನಾಲ್ಕು ಮನೆಯಲ್ಲಿ ವಿಚಾರಿಸಿ. ಕೇಳಬೇಕಾದದ್ದು ಒಂದೇ: ಕಳೆದ ಸಲ ಫೈಬರ್ ಕಟ್ ಆದಾಗ ಸರಿಯಾಗಲು ಎಷ್ಟು ಹೊತ್ತು ಹಿಡಿಯಿತು? ಆಮೇಲೆ ಅಪ್‌ಲೋಡ್ ಸ್ಪೀಡ್ ಎಷ್ಟು, ಪೆಟ್ಟಿಗೆಯ ಠೇವಣಿ ವಾಪಸ್ ಬರುತ್ತದಾ, ಡೇಟಾ ಮಿತಿ ದಾಟಿದರೆ ಎಷ್ಟಕ್ಕೆ ಇಳಿಯುತ್ತದೆ ಕೇಳಿ. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರೂ, ಮೊದಲ ತಿಂಗಳು ನೋಡಿ ಆಮೇಲೆ ಕಟ್ಟಿ.

ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆ, ಏನು ಮಾಡಲಿ?

ಎಲ್‌ಒಎಸ್ ಅನ್ನುವ ದೀಪ ಕೆಂಪಾದರೆ ಬೆಳಕು ಮನೆಗೆ ತಲುಪುತ್ತಿಲ್ಲ ಅಂತ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಇದು ಹೋಗುವುದಿಲ್ಲ. ಪೆಟ್ಟಿಗೆ ಹಿಂದಿನ ತೆಳು ತಂತಿ ಸೋಫಾ ಕಾಲಿಗೆ ಸಿಕ್ಕಿ ಮಡಚಿದೆಯಾ, ಹಸಿರು ಕನೆಕ್ಟರ್ ಸಡಿಲವಾಗಿದೆಯಾ ನೋಡಿ. ಕನೆಕ್ಟರ್ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಅದರೊಳಗೆ ಕಣ್ಣಿಟ್ಟು ನೋಡಬೇಡಿ. ಎಲ್ಲ ಸರಿಯಿದ್ದರೆ ಕಟ್ ಹೊರಗಡೆ ಆಗಿದೆ, ದೂರು ಕೊಡಿ. ರಿಪೇರಿಯವರು ಬಂದಾಗ ಬೆಳಕಿನ ಪವರ್ ಎಷ್ಟು ಬರುತ್ತಿದೆ ಕೇಳಿ, ಅದನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಅಂದರೆ ಎಲ್ಲೋ ಒಂದು ಜೋಡಣೆ ಸರಿಯಿಲ್ಲ, ಅವತ್ತೇ ಮತ್ತೆ ಮಾಡಿಸಿ.